ಗುಡುಗು ಇತ್ತು, ಮಳೆ ಇರಲಿಲ್ಲ: ಮನೆಯಲ್ಲಿ ಸರ್ಫ್ ನುಡಿಸಲು ಒಂದು ಆಂಪ್ ರಿಪೇರಿ

ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ ಮೇಜಿನ ಮೇಲೆ ಬಂದು ಕೂತ ದಿನ ನಾನು ಮೊದಲು ಮಾಡಿದ್ದು ಗಿಟಾರ್ ಚುಚ್ಚಿದ್ದಲ್ಲ, ಅದಕ್ಕೊಂದು ಗುದ್ದು ಕೊಟ್ಟಿದ್ದು. ಸ್ವರಕ್ಕೆ ಮಾರ್ದನಿ ಸೇರಿಸುವ ರಿವರ್ಬ್ ನಾಬನ್ನು ತುದಿಯವರೆಗೆ ತಿರುಗಿಸಿ, ಪೆಟ್ಟಿಗೆಯ ಪಕ್ಕಕ್ಕೆ ಮುಷ್ಟಿಯಿಂದ ಮೆಲ್ಲಗೆ ಒಂದೇ ಏಟು. ತಗಡಿನ ಮಾಡಿನ ಮೇಲೆ ಯಾರೋ ಸರಪಳಿ ಎಳೆದ ಹಾಗೆ ಸ್ಪೀಕರಿನಿಂದ ಗುಡುಗು ಹೊರಟಿತು. ಆಮೇಲೆ ಗಿಟಾರ್ ಚುಚ್ಚಿ ಮೀಟಿದೆ. ಒಣ ಸದ್ದು, ಒಂದು ಹನಿ ರಿವರ್ಬ್ ಇಲ್ಲ. ಗುಡುಗು ಇದೆ, ಮಳೆ ಇಲ್ಲ.

ಇದು ಅನಿರೀಕ್ಷಿತವೇನೂ ಆಗಿರಲಿಲ್ಲ. 'ರಿವರ್ಬ್ ಸತ್ತಿದೆ, ಉಳಿದದ್ದೆಲ್ಲ ಸರಿಯಿದೆ' ಅಂತ ಮಾರಿದವರು ಮೊದಲೇ ಹೇಳಿದ್ದರು. ಗೊತ್ತಿದ್ದೇ ತಂದೆ. ಸರ್ಫ್ ಎಂಬ, ಮಾರ್ದನಿಯಲ್ಲಿ ನೆನೆದ ಗಿಟಾರ್ ಸಂಗೀತ ನುಡಿಸಲು ಹೊರಟವನು ರಿವರ್ಬ್ ಇಲ್ಲದ ಆಂಪ್ ತರುವುದು, ಈಜು ಕಲಿಯಲು ಬತ್ತಿದ ಬಾವಿ ಹುಡುಕಿಕೊಂಡು ಹೋದ ಹಾಗೆ ಕಾಣಬಹುದು. ಆದರೆ ಅದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ಅದು ಅರ್ಧ ಸರಿ ಹೋಯಿತು, ಅರ್ಧ ಕೈಕೊಟ್ಟಿತು. ಎರಡನ್ನೂ ಬರೆದಿಡುತ್ತೇನೆ.

ತರುವ ಮೊದಲು ಹಾಕಿದ ಲೆಕ್ಕ

ಸರ್ಫ್ ಅಂದಾಗ ನಾನು ಹೇಳುತ್ತಿರುವುದು ಹಾಡುಗಾರರಿಲ್ಲದ ಬಗೆಯನ್ನು. 1960ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ದಕ್ಷಿಣ ಕರಾವಳಿಯಲ್ಲಿ ಹುಟ್ಟಿದ್ದು; ಗಿಟಾರೇ ಅಲ್ಲಿ ಹಾಡುಗಾರ. ಗಿಟಾರ್ ವಾದಕ ಡಿಕ್ ಡೇಲ್ ಬಾಲ್ಬೋವಾದ ರಾಂದೆವೂ ಬಾಲ್‌ರೂಮಿನಲ್ಲಿ ದೊಡ್ಡ ಗುಂಪುಗಳ ಮುಂದೆ ನುಡಿಸುತ್ತಿದ್ದ ಕಾಲ ಅದು. ಅಷ್ಟು ದೊಡ್ಡ ಸಭಾಂಗಣ ತುಂಬುವ ಸದ್ದು ಆಗಿನ ಆಂಪ್‌ಗಳಿಂದ ಬರುತ್ತಿರಲಿಲ್ಲ. ಗಿಟಾರ್, ಆಂಪ್ ತಯಾರಿಸುತ್ತಿದ್ದ ಲಿಯೋ ಫೆಂಡರ್ ಆ ಬೇಡಿಕೆಗೆ ಕೊಟ್ಟ ಉತ್ತರವೇ ಶೋಮನ್ ಎಂಬ ಆಂಪ್ ಮತ್ತು ಅದರ ಜೊತೆಗಿನ 15 ಇಂಚಿನ ಜೆಬಿಎಲ್ ಸ್ಪೀಕರ್. ಸದ್ದು ಎಷ್ಟೇ ಏರಿದರೂ ಒಡೆಯಬಾರದು, ಸ್ವರ ಗಾಜಿನ ಹಾಗೆ ತಿಳಿಯಾಗಿರಬೇಕು ಎನ್ನುವುದು ಅಲ್ಲಿನ ಗುರಿ.

ಮನೆಯಲ್ಲಿ ನುಡಿಸುವವರ ಕಷ್ಟ ಇದರ ತಿರುಗುಮುರುಗು. ನಮಗೂ ಬೇಕಾಗಿರುವುದು ಅದೇ ಒಡೆಯದ ಸ್ವರ, ಆದರೆ ಬಾಗಿಲು ಮುಚ್ಚಿದ ಕೋಣೆಯೊಳಗೆ. ಇಲ್ಲಿ ವ್ಯಾಟ್‌ಗಳ ಬಗ್ಗೆ ಜನ ಸುಮ್ಮನೆ ತಲೆಕೆಡಿಸಿಕೊಳ್ಳುತ್ತಾರೆ. ಸಾಧಾರಣ ಗಿಟಾರ್ ಸ್ಪೀಕರ್ ಒಂದಕ್ಕೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 97 ಡೆಸಿಬೆಲ್ ಸದ್ದು ಬರುತ್ತದೆ. ಕೋಣೆಯಲ್ಲಿ ಅದೇ ಕಿವಿಗೆ ಹೊಡೆಯುವಷ್ಟು. ಹತ್ತನೇ ಒಂದು ವ್ಯಾಟ್‌ಗೆ ಇಳಿಸಿದರೆ 87, ನೂರನೇ ಒಂದಕ್ಕೆ ಇಳಿಸಿದರೆ 77. ಅಂದರೆ ಮನೆಯಲ್ಲಿ ನಾವು ಬಳಸುವುದು ವ್ಯಾಟಿನ ಚೂರುಪಾರು ಮಾತ್ರ. 15 ವ್ಯಾಟಿನ ಆಂಪಿಗೂ 30 ವ್ಯಾಟಿನದಕ್ಕೂ ಇರುವ ಅಂತರ ಬರೀ 3 ಡೆಸಿಬೆಲ್. ಎರಡು ಪಟ್ಟು ಜೋರು ಅಂತ ಕಿವಿಗೆ ಅನ್ನಿಸಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 'ಮನೆಗೆ ಎಷ್ಟು ವ್ಯಾಟ್ ಸಾಕು' ಎನ್ನುವ ಪ್ರಶ್ನೆಯನ್ನು ನಾನು ಬೇಗ ಬದಿಗಿಟ್ಟೆ. ತಂತಿಗೆ ಮೀಟುವ ಕಡ್ಡಿ ತಗುಲುವ ಕ್ಷಣದಲ್ಲಿ ಸದ್ದು ಒಮ್ಮೆಲೇ ಚಿಮ್ಮುತ್ತದಲ್ಲ, ಆ ಚಿಮ್ಮು ತಲೆ ತಗುಲಿಸಿಕೊಳ್ಳದಷ್ಟು ಎತ್ತರದ ಸೂರು ಇದ್ದರಾಯಿತು. 20-30 ವ್ಯಾಟಿನ ಟ್ರಾನ್ಸಿಸ್ಟರ್ ಆಂಪಿನಲ್ಲಿ ಅದು ಧಾರಾಳವಾಗಿ ಸಿಗುತ್ತದೆ.

ಸ್ಪೀಕರ್ ವಿಷಯದಲ್ಲಿ ಮಾತ್ರ ನಾನು ಹಟ ಬಿಡಲಿಲ್ಲ. 8 ಇಂಚು ಬೇಡ, ಕಡಿಮೆಯೆಂದರೆ 10. ಸರ್ಫ್‌ನಲ್ಲಿ ರಾಗ ಎಷ್ಟೋ ಸಲ ದಪ್ಪ ತಂತಿಗಳ ಮೇಲೆಯೇ ನಡೆಯುತ್ತದೆ, ಮೂಗಿನಲ್ಲಿ ಮಾತಾಡುವ ಪುಟ್ಟ ಪೆಟ್ಟಿಗೆಯಲ್ಲಿ ಅದರ ಮೈ ಕರಗಿಹೋಗುತ್ತದೆ.

ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿಂದ ನಡೆಯುವ ವಾಲ್ವ್ ಆಂಪ್ ಯಾಕೆ ಬೇಡವಾಯಿತು? ಫೆಂಡರ್‌ನ 12 ವ್ಯಾಟಿನ ಪ್ರಿನ್ಸ್‌ಟನ್ ರಿವರ್ಬ್ ತರಹದ್ದು ಸಿಕ್ಕಿದರೆ ಯಾರು ಬೇಡ ಅನ್ನುತ್ತಾರೆ! ಮನೆಗೆ ಅದಕ್ಕಿಂತ ಒಪ್ಪುವ ಸರ್ಫ್ ಆಂಪ್ ನನಗಂತೂ ತೋಚುವುದಿಲ್ಲ. ಆದರೆ ನನಗೆ ಬಿಚ್ಚಿ ಕಲಿಯುವ ಆಸೆ, ಕಲಿತದ್ದು ಇನ್ನೂ ಕಡಿಮೆ. ವಾಲ್ವ್ ಆಂಪಿನೊಳಗೆ 400 ವೋಲ್ಟ್ ಆಸುಪಾಸಿನ ಡಿಸಿ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಕೂತಿರಬಹುದು. ಮೊದಲ ಪಾಠಕ್ಕೆ ಆ ಮೇಷ್ಟ್ರು ಬೇಡ ಅನ್ನಿಸಿತು. ಇನ್ನು ಮಾಡೆಲಿಂಗ್ ಆಂಪ್‌ಗಳು. ಹಳೆಯ ಆಂಪ್‌ಗಳ ಸದ್ದನ್ನು ಚಿಪ್ಪಿನೊಳಗೆ ಲೆಕ್ಕ ಹಾಕಿ ಕೊಡುವಂಥವು. ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರಿಗೆ, ರಾತ್ರಿ ಹೆಡ್‌ಫೋನಿನಲ್ಲೇ ನುಡಿಸುವವರಿಗೆ ನಾನು ಅದನ್ನೇ ಹೇಳುವುದು, ಸಂಕೋಚ ಇಲ್ಲದೆ. ಆದರೆ ಅವನ್ನು ಗುದ್ದಿದರೆ ಗುಡುಗುವುದಿಲ್ಲ. ಬಾಲಿಶ ಕಾರಣ, ಒಪ್ಪಿಕೊಳ್ಳುತ್ತೇನೆ.

ಕೊನೆಗೆ ನಿಂತ ಪಟ್ಟಿ ಚಿಕ್ಕದು: ಟ್ರಾನ್ಸಿಸ್ಟರ್, ಒಡೆಯದ ಸ್ವರ, 10 ಇಂಚಿನ ಸ್ಪೀಕರ್, ಒಳಗೆ ನಿಜವಾದ ಸ್ಪ್ರಿಂಗ್ ಟ್ಯಾಂಕ್, ಅಂದರೆ ರಿವರ್ಬ್ ಹುಟ್ಟಿಸುವ ಸ್ಪ್ರಿಂಗ್‌ಗಳ ಡಬ್ಬ. ಟ್ಯಾಂಕ್ ಸತ್ತಿದ್ದರೂ ಚಿಂತೆಯಿಲ್ಲ, ಯಾಕೆಂದರೆ ಆಂಪಿನಲ್ಲಿ ಸುಲಭವಾಗಿ ಬಿಚ್ಚಿ ಬೇರೆಯದನ್ನು ಹಾಕಬಹುದಾದ ಭಾಗ ಅದೊಂದೇ. ಎರಡು ಕೇಬಲ್, ನಾಲ್ಕು ಸ್ಕ್ರೂ.

ಆ ಡಬ್ಬದೊಳಗೆ ಏನಿದೆ

ಸ್ಪ್ರಿಂಗ್ ರಿವರ್ಬ್ ಗಿಟಾರಿಗೆ ಬಂದದ್ದು ಹ್ಯಾಮಂಡ್ ಆರ್ಗನ್ನಿನ ಮನೆಯಿಂದ. ಫೆಂಡರ್ 1961ರಲ್ಲಿ ಅದನ್ನು ಬೇರೆಯೇ ಒಂದು ಪೆಟ್ಟಿಗೆಯಾಗಿ ಹೊರತಂದಿತು: ಗಿಟಾರ್ ಮೊದಲು ಅದರೊಳಗೆ, ಅಲ್ಲಿಂದ ಆಂಪಿಗೆ. ಅದಕ್ಕೆ ಮೂರು ನಾಬ್: ಡ್ವೆಲ್, ಮಿಕ್ಸರ್, ಟೋನ್. ಆಂಪಿನೊಳಗೇ ರಿವರ್ಬ್ ಸೇರಿಸಿದ ಫೆಂಡರ್‌ನ ಮೊದಲ ಮಾದರಿ 1963ರ ವೈಬ್ರೋವರ್ಬ್. ಸರ್ಫ್ ನುಡಿಸುವವರು ಇವತ್ತಿಗೂ ಆ ಮೂರು ನಾಬಿನ ಪೆಟ್ಟಿಗೆಯ ಹೆಸರು ಜಪಿಸುವುದು ಡ್ವೆಲ್ ಒಂದಕ್ಕಾಗಿ. ಸ್ಪ್ರಿಂಗಿಗೆ ಎಷ್ಟು ಜೋರಾಗಿ ಹೊಡೆಯಬೇಕು ಅನ್ನುವುದನ್ನು ಹೇಳುವ ನಾಬ್ ಅದು. ಆಂಪಿನೊಳಗಿನ ರಿವರ್ಬಿಗೆ ಸಾಮಾನ್ಯವಾಗಿ ಇರುವುದು ಒಂದೇ ನಾಬ್, ಅದು ಸ್ಪ್ರಿಂಗಿನಿಂದ ಬಂದದ್ದನ್ನು ಎಷ್ಟು ಬೆರೆಸಬೇಕು ಅಂತ ಮಾತ್ರ ಕೇಳುತ್ತದೆ.

ಟ್ಯಾಂಕಿನ ಕೆಲಸ ನೋಡಲು ಚೆಂದ. ಒಂದು ತುದಿಯಲ್ಲಿ ಕಾಯಿಲ್, ಅದರ ಕಬ್ಬಿಣದ ಸಂದಿನಲ್ಲಿ ಕಾಳಿನಷ್ಟು ಮ್ಯಾಗ್ನೆಟ್, ಮ್ಯಾಗ್ನೆಟ್ಟಿಗೆ ಕಟ್ಟಿದ ಸ್ಪ್ರಿಂಗ್. ಗಿಟಾರಿನ ಸಿಗ್ನಲ್ ಕಾಯಿಲಿನಲ್ಲಿ ಹರಿದಾಗ ಮ್ಯಾಗ್ನೆಟ್ ತಿರುಚುತ್ತದೆ, ಆ ತಿರುಚು ಸ್ಪ್ರಿಂಗ್ ಉದ್ದಕ್ಕೂ ಓಡುತ್ತದೆ. ಆಚೆ ತುದಿ ಮುಟ್ಟಲು ಸೆಕೆಂಡಿನ ಸಾವಿರದಲ್ಲಿ ಮೂವತ್ತು-ನಲವತ್ತು ಭಾಗ ಬೇಕು. ಅಲ್ಲಿ ಇನ್ನೊಂದು ಮ್ಯಾಗ್ನೆಟ್ ಅಲುಗಿ ಇನ್ನೊಂದು ಕಾಯಿಲಿನಲ್ಲಿ ಸಿಗ್ನಲ್ ಹುಟ್ಟಿಸುತ್ತದೆ. ಉಳಿದ ಕಂಪನ ತಿರುಗಿ ಬಂದು ಮತ್ತೆ ಹೋಗುತ್ತದೆ. ಎಲ್ಲ ಸ್ವರಗಳೂ ಸ್ಪ್ರಿಂಗಿನಲ್ಲಿ ಒಂದೇ ವೇಗದಲ್ಲಿ ಓಡುವುದಿಲ್ಲ. ಹಾಗಾಗಿ 'ಟಕ್' ಅಂತ ಒಳಗೆ ಹೋದದ್ದು ಹರಡಿಕೊಂಡು 'ಚ್ಯುವ್' ಅಂತ ಹೊರಗೆ ಬರುತ್ತದೆ. ಅಂಗೈಯಿಂದ ತಂತಿ ಒತ್ತಿ ಮೊಟಕಾಗಿ ಮೀಟಿದಾಗ ಕೇಳುವ ನೀರು ತೊಟ್ಟಿಕ್ಕಿದಂಥ ಸದ್ದು, ಸರ್ಫ್ ಮಂದಿ 'ಡ್ರಿಪ್' ಅನ್ನುವುದು, ಇದೇ.

ಮೊದಲ ಸಂಜೆ: ಎಲ್ಲಿ ಕಡಿದಿದೆ

ಗುದ್ದಿದಾಗ ಗುಡುಗು ಬಂತಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಸ್ಪ್ರಿಂಗ್ ಅಲುಗಿದ್ದು ಸ್ಪೀಕರಿನಲ್ಲಿ ಕೇಳಿದೆ ಅಂದರೆ ಔಟ್‌ಪುಟ್ ಕಾಯಿಲ್, ಅಲ್ಲಿಂದ ಬರುವ ಕೇಬಲ್, ಆ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಭಾಗ, ಎಲ್ಲವೂ ಜೀವಂತ. ಸ್ಪ್ರಿಂಗಿಗೆ ಸಿಗ್ನಲ್ ಹೋಗುವ ದಾರಿಯಲ್ಲಿ ಮಾತ್ರ ಎಲ್ಲೋ ಕಡಿದಿದೆ. ಹಳೆಯ ಆಂಪ್ ಕೊಳ್ಳಲು ಹೋದಾಗ ಈ ಗುದ್ದಿನ ಪರೀಕ್ಷೆ ಮಾಡಿ. ಮಾರುವವರು ಹುಬ್ಬೇರಿಸಿದರೂ ಸರಿ. ಗುಡುಗೂ ಬರದಿದ್ದರೆ ಕೆಲಸ ಸ್ವಲ್ಪ ಜಾಸ್ತಿ.

ಪ್ಲಗ್ ಕಿತ್ತು ಗೋಡೆಯಿಂದ ದೂರ ಇಟ್ಟು, ಹಿಂಬದಿಯ ಹಲಗೆ ಬಿಚ್ಚಿದೆ. ಟ್ರಾನ್ಸಿಸ್ಟರ್ ಆಂಪ್ ಆದರೂ ಟ್ರಾನ್ಸ್‌ಫಾರ್ಮರಿಗೆ ಹೋಗುವ ಮೇನ್ಸ್ ತಂತಿಗಳು ಅಲ್ಲೇ ಬಾಯಿ ತೆರೆದು ಕೂತಿರುತ್ತವೆ, ಆದ್ದರಿಂದ ಪ್ಲಗ್ ನನ್ನ ಕಣ್ಣೆದುರು ಮೇಜಿನ ಮೇಲಿರಬೇಕು ಎನ್ನುವುದು ನಾನೇ ಮಾಡಿಕೊಂಡ ನಿಯಮ. ತಳದಲ್ಲಿ ಗೇಣುದ್ದಕ್ಕಿಂತ ಸ್ವಲ್ಪ ಉದ್ದದ ತಗಡಿನ ತೊಟ್ಟಿ, ಅದೇ ಟ್ಯಾಂಕ್, 9.25 ಇಂಚಿನದು, ಮೂರು ಸ್ಪ್ರಿಂಗ್. ಎರಡು ಆರ್‌ಸಿಎ ಕೇಬಲ್. ಮೊದಲು ಕೇಬಲ್ ಪರೀಕ್ಷಿಸಿದೆ, ಎರಡೂ ಸರಿ. ಮಲ್ಟಿಮೀಟರಿನ ಕಡ್ಡಿಗಳನ್ನು ಔಟ್‌ಪುಟ್ ಸಾಕೆಟ್ಟಿಗೆ ಮುಟ್ಟಿಸಿದರೆ 200 ಓಮ್ ಹತ್ತಿರ. ಇನ್‌ಪುಟ್ಟಿಗೆ ಮುಟ್ಟಿಸಿದರೆ ಏನೂ ಇಲ್ಲ, ಸರ್ಕ್ಯೂಟ್ ತೆರೆದಿದೆ.

ತೊಟ್ಟಿ ಮಗುಚಿ ನೋಡಿದಾಗ ಕಂಡಿತು. ಒಳಗಿನ ತಟ್ಟೆ ನಾಲ್ಕು ಪುಟ್ಟ ಸ್ಪ್ರಿಂಗ್‌ಗಳ ಮೇಲೆ ತೂಗುತ್ತಿರುತ್ತದೆ. ಆ ತಟ್ಟೆಯ ಮೇಲಿನ ಕಾಯಿಲಿಗೂ ಹೊರಗಿನ ಸಾಕೆಟ್ಟಿಗೂ ನಡುವೆ ಕೂದಲಿನಂಥ ಎರಡು ತಂತಿ. ಅದರಲ್ಲೊಂದು ಸಾಕೆಟ್ಟಿನ ಬುಡದಲ್ಲೇ ತುಂಡಾಗಿತ್ತು. ಆಂಪನ್ನು ಹೊತ್ತು ಸಾಗಿಸುವಾಗ ತಟ್ಟೆ ಕುಣಿದು ಕುಣಿದು ಬೆಸುಗೆಯ ಬಳಿ ತಂತಿ ಸೋತಿರಬೇಕು. ಕಾಯಿಲೇ ಸುಟ್ಟಿದ್ದರೆ ತೊಟ್ಟಿ ಬಿಸಾಡಬೇಕಿತ್ತು; ಇದು ಹತ್ತು ನಿಮಿಷದ ಕೆಲಸ.

ಹತ್ತು ನಿಮಿಷ ಅಂದುಕೊಂಡದ್ದು ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಬಳಸಿದ್ದು ಹಳೆಯ ಇಯರ್‌ಫೋನಿನ ತಂತಿ. ಅದರ ಎಳೆಗಳಿಗೆ ಮೆರುಗೆಣ್ಣೆಯ ಲೇಪ ಇರುತ್ತದೆ, ಸುಟ್ಟು ಕೆರೆದು ತೆಗೆಯದೆ ಬೆಸುಗೆ ಕೂರುವುದೇ ಇಲ್ಲ. ಅದನ್ನು ಬಿಟ್ಟು ಹಳೆಯ ಕಂಪ್ಯೂಟರಿನ ಚಪ್ಪಟೆ ಕೇಬಲಿನಿಂದ ಒಂದು ಎಳೆ ಸೀಳಿ ತೆಗೆದೆ. ಅದನ್ನು ನೇರವಾಗಿ ಎಳೆದು ಬೆಸೆಯಬಾರದು, ಹಾವು ಮಲಗಿದ ಹಾಗೆ ಸಡಿಲವಾಗಿ ಸುತ್ತು ಬಿಟ್ಟು ಬೆಸೆಯಬೇಕು. ಬಿಗಿಯಾದರೆ ತಟ್ಟೆ ತೂಗುವುದಿಲ್ಲ, ಹೊರಗಿನ ಅದುರೆಲ್ಲ ಒಳಗೆ ಬರುತ್ತದೆ, ಇನ್ನೊಂದು ದಿನ ಮತ್ತೆ ಕಡಿಯುತ್ತದೆ. ಕೆಲಸ ಮಾಡುವಾಗ ಉದ್ದ ಸ್ಪ್ರಿಂಗ್‌ಗಳ ಮೇಲೆ ಒಂದು ರಟ್ಟಿನ ತುಂಡು ಮುಚ್ಚಿಟ್ಟಿದ್ದೆ. ಐರನ್ನಿನ ತುದಿ ಅಥವಾ ಬೆರಳು ಸಿಕ್ಕಿ ಒಮ್ಮೆ ಜಗ್ಗಿದರೆ ಸ್ಪ್ರಿಂಗ್ ಮೊದಲಿನ ಹಾಗೆ ಆಗುವುದಿಲ್ಲ.

ಮೀಟರ್ ಮುಟ್ಟಿಸಿದೆ, ಅರವತ್ತರ ಆಸುಪಾಸು ತೋರಿಸಿತು. ಎಲ್ಲ ಜೋಡಿಸಿ ಒಂದು ಸ್ವರ ಮೀಟಿದೆ. ಮಳೆ ಬಂತು.

ಅಕ್ಕ ಬಾಗಿಲಲ್ಲಿ ಇಣುಕಿ, "ಏನೋ, ನೀರಿನ ಪೈಪೊಳಗೆ ಕೂತು ಬಾರಿಸ್ತಿದ್ದೀಯಾ?" ಅಂದಳು.

"ಅದೇ ಬೇಕಾಗಿತ್ತು ಅಕ್ಕ."

"ಪೈಪಲ್ಲಿ ಜೇನುಹುಳನೂ ಇದೆ," ಅಂದು ಹೋದಳು.

ಜೇನುಹುಳ

ಅವಳು ಹೇಳಿದ್ದು ಸರಿ. ರಿವರ್ಬ್ ನಾಬ್ ಏರಿಸಿದ ಹಾಗೆ ಗುಂಯ್‌ಗುಡುವ ಸದ್ದೂ ಏರುತ್ತಿತ್ತು. ಖುಷಿಯಲ್ಲಿ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಟ್ಯಾಂಕಿನ ಔಟ್‌ಪುಟ್ ಕಾಯಿಲ್ ಅಂದರೆ ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಪಿಕಪ್ಪಿನಂಥದ್ದೇ, ಹತ್ತಿರದಲ್ಲಿ ಕಾಂತಕ್ಷೇತ್ರ ಇದ್ದರೆ ಹೀರಿಕೊಳ್ಳುತ್ತದೆ. ಈ ಆಂಪಿನಲ್ಲಿ ಔಟ್‌ಪುಟ್ ತುದಿ ಪವರ್ ಟ್ರಾನ್ಸ್‌ಫಾರ್ಮರಿನ ನೇರ ಕೆಳಗೆ ಕೂತಿತ್ತು. ಮರದ ಮೇಲೆ ಹಳೆಯ ಸ್ಕ್ರೂ ತೂತುಗಳು ಬೇರೆ ಇದ್ದವು. ನನಗಿಂತ ಮುಂಚೆ ಯಾರೋ ಬಿಚ್ಚಿ ತಿರುಗುಮುರುಗಾಗಿ ಜೋಡಿಸಿದ್ದಾರೆ. ತೊಟ್ಟಿಯನ್ನು ಅರ್ಧ ಸುತ್ತು ತಿರುಗಿಸಿ ಇನ್‌ಪುಟ್ ತುದಿಯನ್ನು ಟ್ರಾನ್ಸ್‌ಫಾರ್ಮರ್ ಕಡೆಗೆ ಇಟ್ಟೆ. ಸ್ಕ್ರೂ ಹಾಕುವ ಮುನ್ನ ಆಂಪ್ ಆನ್ ಮಾಡಿ, ಹೊರಗಿನಿಂದ ತೊಟ್ಟಿಯನ್ನು ಅತ್ತಿತ್ತ ಸರಿಸುತ್ತ ಕಿವಿಗೊಟ್ಟು ಗುಂಯ್ ಕಡಿಮೆ ಇರುವ ಜಾಗ ಗುರುತು ಮಾಡಿಕೊಂಡೆ. ಆಗ ಒಂದು ಕೈ ಜೇಬಿನಲ್ಲಿ, ಇನ್ನೊಂದು ತೊಟ್ಟಿಯ ಅಂಚಿನಲ್ಲಿ ಮಾತ್ರ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಕಡ್ಡಿ ತೆಗೆಯುವವರೂ ಇದ್ದಾರೆ. ದಯವಿಟ್ಟು ಬೇಡ, ಒಳಗೇನಾದರೂ ತಗುಲಿದರೆ ಗಿಟಾರಿನ ತಂತಿಗೇ ಕರೆಂಟ್ ಬರುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ

ಇಲ್ಲಿಗೆ ನಿಲ್ಲಿಸಬಹುದಿತ್ತು. ಒಂದೆರಡು ವಾರ ನುಡಿಸಿದ ಮೇಲೆ ಚಿಕ್ಕ ಟ್ಯಾಂಕಿನ ಬಣ್ಣ ಬಯಲಾಯಿತು. ಮೊಟಕು ಸ್ವರಗಳಿಗೆ ಅದು 'ಬೊಯ್ಂಗ್' ಅನ್ನುತ್ತಿತ್ತು, ತೊಟ್ಟಿಕ್ಕುತ್ತಿರಲಿಲ್ಲ. ರಿವರ್ಬ್ ಮೆಲ್ಲಗೆ ಕರಗುವ ಬಾಲವೂ ಮೋಟು. ಪೆಟ್ಟಿಗೆಯ ಒಳಗಲ ಅಳೆದರೆ 46 ಸೆಂಟಿಮೀಟರ್. ಉದ್ದ ಟ್ಯಾಂಕ್ 16.75 ಇಂಚು, ಅಂದರೆ ನಲವತ್ತೆರಡೂವರೆ. ಹಿಡಿಯುತ್ತದೆ!

ತಕ್ಷಣ ತರಿಸಿದ್ದು 4ಎಬಿ3ಸಿ1ಬಿ. ಫೆಂಡರ್ ಆಂಪ್‌ಗಳಲ್ಲಿ ಕೂರುವ, ಸರ್ಫ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಟ್ಯಾಂಕ್. ಜೋಡಿಸಿ ಮೀಟಿದರೆ ಯಾವುದೋ ದೂರದ ಬಾವಿಯಿಂದ ಬಂದಂತೆ ಪಿಸುಗುಟ್ಟಿತು. ನಾಬ್ ತುದಿಗೆ ಏರಿಸಿದರೆ ರಿವರ್ಬಿಗಿಂತ 'ಸ್ಸ್' ಎನ್ನುವ ಗಾಳಿ ಸದ್ದೇ ಹೆಚ್ಚು. ಟ್ಯಾಂಕ್ ಕೆಟ್ಟದ್ದು ಕಳಿಸಿದ್ದಾರೆ ಅಂತ ಬೈದುಕೊಂಡೆ. ಮೀಟರ್ ಇಟ್ಟು ನೋಡಿದರೆ ಟ್ಯಾಂಕಿಗೆ ಏನೂ ಆಗಿಲ್ಲ, ತಪ್ಪು ಪೂರಾ ನನ್ನದು. ಆ ಅಕ್ಷರಗಳನ್ನು ನಾನು ಓದಿಯೇ ಇರಲಿಲ್ಲ.

ಓದುವುದು ಹೀಗೆ. ಮೊದಲ ಅಂಕಿ ಟ್ಯಾಂಕಿನ ಬಗೆ: 4 ಅಂದರೆ ಉದ್ದದ್ದು, ಎರಡು ಸ್ಪ್ರಿಂಗ್, 9 ಅಂದರೆ ಅದೇ ಉದ್ದ, ಮೂರು ಸ್ಪ್ರಿಂಗ್, 8 ಅಂದರೆ ಗಿಡ್ಡದ್ದು, ಮೂರು. ಎರಡನೆಯದು ಇನ್‌ಪುಟ್ ಕಾಯಿಲಿನ ಇಂಪೀಡೆನ್ಸ್, ಅಂದರೆ ಏರಿಳಿಯುವ ಸಿಗ್ನಲಿಗೆ ಅದು ಒಡ್ಡುವ ತಡೆ: 4ನೇ ಬಗೆಯಲ್ಲಿ ಎ ಅಂದರೆ 8 ಓಮ್, ಇ ಅಂದರೆ 600. ಮೂರನೆಯದು ಔಟ್‌ಪುಟ್‌ನದು, ಬಿ ಅಂದರೆ 2,250. ಆಮೇಲಿನ ಅಂಕಿ ಬಾಲ ಎಷ್ಟು ಉದ್ದ ಅನ್ನುವುದು, 1 ಗಿಡ್ಡ, 2 ನಡುಮಟ್ಟ, 3 ಉದ್ದ. ಸಿ ಅಂದರೆ ಇನ್‌ಪುಟ್ ಸಾಕೆಟ್ ತಗಡಿಗೆ ತಾಗದೆ ಬೇರೆಯಾಗಿರುತ್ತದೆ, ಔಟ್‌ಪುಟ್ ಸಾಕೆಟ್ ತಗಡಿಗೆ ಸೇರಿರುತ್ತದೆ. ಅದರ ಮುಂದಿನ 1 ಅಂದರೆ ಸಾಗಿಸುವಾಗ ಸ್ಪ್ರಿಂಗ್ ಹಿಡಿದಿಡುವ ಲಾಕ್ ಇಲ್ಲ. ಕೊನೆಯ ಬಿ, ಬಾಯಿ ಕೆಳಗೆ ಮಾಡಿ ಅಡ್ಡ ಮಲಗಿಸಬೇಕು ಅಂತ. ಇಂಪೀಡೆನ್ಸ್ ಬೇರೆ, ಮೀಟರ್ ತೋರಿಸುವ ಡಿಸಿ ರೆಸಿಸ್ಟೆನ್ಸ್ ಬೇರೆ ಅನ್ನುವುದು ನೆನಪಿರಲಿ: 8 ಓಮ್ ಕಾಯಿಲಿಗೆ ಮೀಟರಿನಲ್ಲಿ ಒಂದು ಓಮ್ ಕೂಡ ಬರುವುದಿಲ್ಲ.

ವಾಲ್ವ್ ಆಂಪಿನಲ್ಲಿ ಟ್ಯಾಂಕನ್ನು ನಡೆಸುವುದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಅದು ವೋಲ್ಟೇಜ್ ಇಳಿಸಿ ಕರೆಂಟ್ ಏರಿಸಿ ಕೊಡುತ್ತದೆ, 8 ಓಮ್ ಕಾಯಿಲಿಗೆ ಬೇಕಾದ ಸುಮಾರು 28 ಮಿಲಿಆಂಪಿಯರ್ ಅಲ್ಲಿ ಸಲೀಸು. ನನ್ನ ಆಂಪಿನಲ್ಲಿ ಆ ಕೆಲಸಕ್ಕಿರುವುದು ಒಂದು ಆಪ್‌ಆಂಪ್, ಸಿಗ್ನಲ್ ಹಿಗ್ಗಿಸುವ ಪುಟ್ಟ ಚಿಪ್. 600 ಓಮ್ ಕಾಯಿಲಿಗೆ ಸಾಕಾಗುವ ಸುಮಾರು 3 ಮಿಲಿಆಂಪಿಯರ್ ಕೊಡುವುದೇ ಅದರ ರೂಢಿ. ಅದೇ 3ನ್ನು ಸುತ್ತು ಕಡಿಮೆ ಇರುವ 8 ಓಮ್ ಕಾಯಿಲಿಗೆ ಕೊಟ್ಟರೆ ಬೇಕಾದದ್ದರಲ್ಲಿ ಒಂಬತ್ತನೇ ಒಂದು ಪಾಲು. ಹತ್ತೊಂಬತ್ತು ಡೆಸಿಬೆಲ್ ಕಡಿಮೆ. ಪಿಸುಗುಟ್ಟದೆ ಇನ್ನೇನು ಮಾಡೀತು! ಎತ್ತು ಏರಿಗೆ, ಕೋಣ ನೀರಿಗೆ.

ಬದಲಿಸಿ ತಂದದ್ದು 4ಇಬಿ3ಸಿ1ಬಿ. ಒಂದೇ ಒಂದು ಅಕ್ಷರ ಬೇರೆ. ತಳದಲ್ಲಿ ರಟ್ಟು ಹಾಸಿ, ಟ್ಯಾಂಕಿನ ಬಾಯಿ ಕೆಳಗೆ ಮಾಡಿ, ಸ್ಕ್ರೂಗಳಿಗೆ ರಬ್ಬರ್ ಬಳೆ ಹಾಕಿ ಕೂರಿಸಿದೆ. ಸ್ಕ್ರೂ ಪೂರ್ತಿ ಬಿಗಿಯಲಿಲ್ಲ, ಬಿಗಿದರೆ ಸ್ಪೀಕರಿನ ಅದುರು ಮರದ ಮೂಲಕ ಸ್ಪ್ರಿಂಗಿಗೆ ಹತ್ತಿ ಜೋರಾದಾಗ ತಾನೇ ಊಳಿಡಲು ಶುರುಮಾಡುತ್ತದೆ. ಆ ದಿನ ನುಡಿಸಿದ ಮೊದಲ ಮೊಟಕು ಸ್ವರಕ್ಕೇ ಗೊತ್ತಾಯಿತು: ಇದು ತೊಟ್ಟಿಕ್ಕುತ್ತದೆ.

ಡ್ವೆಲ್ ಎಂಬ ದುರಾಸೆ

ತೊಟ್ಟಿಕ್ಕಿದ್ದು ಸಾಲಲಿಲ್ಲ, ಸುರಿಯಬೇಕಿತ್ತು. ಅಂದರೆ ಸ್ಪ್ರಿಂಗಿಗೆ ಇನ್ನೂ ಜೋರಾಗಿ ಹೊಡೆಯಬೇಕು.

ಆಂಪಿನ ಸರ್ಕ್ಯೂಟ್ ನಕ್ಷೆ ನೋಡಿದೆ. ಆಪ್‌ಆಂಪಿನ ಫೀಡ್‌ಬ್ಯಾಕ್ ದಾರಿಯಲ್ಲೇ ಟ್ಯಾಂಕಿನ ಕಾಯಿಲ್, ಅಲ್ಲಿಂದ ನೆಲಕ್ಕೆ ಒಂದು 220 ಓಮ್ ರೆಸಿಸ್ಟರ್. ಜಾಣ ಏರ್ಪಾಡು ಇದು. ಕಾಯಿಲಿನ ಇಂಪೀಡೆನ್ಸ್ ಸ್ವರ ಏರಿದಂತೆ ಏರುತ್ತದೆ. ಬರೀ ವೋಲ್ಟೇಜ್ ಕೊಟ್ಟರೆ ಮೇಲಿನ ಸ್ವರಗಳಿಗೆ ಕರೆಂಟ್ ಸಾಲದೆ ರಿವರ್ಬ್ ಮಂಕಾಗುತ್ತದೆ. ಹೀಗೆ ಕಟ್ಟಿದರೆ ಕಾಯಿಲ್ ಏನೇ ಮಾಡಲಿ, ಕರೆಂಟನ್ನು ಆ ರೆಸಿಸ್ಟರೇ ನಿರ್ಧರಿಸುತ್ತದೆ. ಹಾಗಾದರೆ ಇನ್ನೊಂದು 220ನ್ನು ಅದರ ಪಕ್ಕಕ್ಕೆ ಸಮಾಂತರ ಹಾಕಿದರೆ 110, ಕರೆಂಟ್ ಇಮ್ಮಡಿ. ಇನ್‌ಪುಟ್ ಸಾಕೆಟ್ ತಗಡಿನಿಂದ ಬೇರೆಯಾಗಿರಬೇಕಾದದ್ದು ಯಾಕೆ ಅಂತಲೂ ಆಗಲೇ ಅರ್ಥವಾಯಿತು. ಅದು ತಗಡಿಗೆ ತಾಗಿದರೆ ಈ ರೆಸಿಸ್ಟರೇ ಲೆಕ್ಕದಿಂದ ಹೊರಗೆ.

ಹಿಂದಿನ ಹಲಗೆಯಲ್ಲಿ ಒಂದು ಪುಟ್ಟ ಸ್ವಿಚ್ ಕೂರಿಸಿ, ಬೇಕೆಂದಾಗ ಎರಡನೇ ರೆಸಿಸ್ಟರ್ ಸೇರುವ ಹಾಗೆ ಮಾಡಿದೆ. ಆನ್ ಮಾಡಿದರೆ 'ಕುಂಯ್' ಅಂತ ಕಿರುಚಿತು. ಆಪ್‌ಆಂಪಿನ ತುಂಬ ನಾಜೂಕಾದ ಕಾಲಿಗೆ ನಾನು ಗೇಣುದ್ದದ ಎರಡು ತಂತಿ ಕಟ್ಟಿದ್ದೆ. ತಂತಿ ಹೆಣೆದೆ, ಮೊಟಕು ಮಾಡಿದೆ, ದಾರಿ ಬದಲಿಸಿದೆ. ಕಿರುಚು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಎರಡು ಸಂಜೆ ಹಾಳಾದ ಮೇಲೆ ನನ್ನನ್ನೇ ಕೇಳಿಕೊಂಡೆ: ಈ ಸ್ವಿಚ್ಚನ್ನು ನಾನು ಯಾವತ್ತಾದರೂ ಆಫ್ ಮಾಡುತ್ತೇನಾ? ಇಲ್ಲ. ಸ್ವಿಚ್ ಕಿತ್ತೆಸೆದು ರೆಸಿಸ್ಟರನ್ನು ಬೋರ್ಡಿನ ಮೇಲೆಯೇ ಬೆಸೆದುಬಿಟ್ಟೆ. ಹಲಗೆಯಲ್ಲಿ ಉಳಿದ ತೂತಿಗೆ ಒಂದು ರಬ್ಬರ್ ಬಿರಡೆ.

ಈಗ ಸುರಿಯಿತು, ಜೊತೆಗೆ ಕೆಸರೂ ಎದ್ದಿತು. ದಪ್ಪ ತಂತಿಯ ಸ್ವರಗಳು ಸ್ಪ್ರಿಂಗಿನೊಳಗೆ ಗುಡುಗುಡು ಅಂತ ಉರುಳಾಡಿ ಮಿಕ್ಕದ್ದನ್ನೆಲ್ಲ ನುಂಗುತ್ತಿದ್ದವು. ಸ್ಪ್ರಿಂಗಿಗೆ ಹೋಗುವ ಸಿಗ್ನಲಿನ ದಾರಿಯಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕಿಲೋಓಮ್ ರೆಸಿಸ್ಟರ್ ಇದ್ದವು. ಅಂದರೆ ಸುಮಾರು 160 ಹರ್ಟ್ಸ್‌ನಿಂದ ಕೆಳಗಿನದ್ದು ಇಳಿಮುಖ. ಗಿಟಾರಿನ ದಪ್ಪ ತಂತಿ ಬಿಟ್ಟಂತೆ ಮೀಟಿದರೆ 82 ಹರ್ಟ್ಸ್, ಅದರ ಇಮ್ಮಡಿ 164, ಹಾಗಾಗಿ ಬಹುಪಾಲು ಒಳಗೆ ನುಗ್ಗುತ್ತಿತ್ತು. ಕೆಪಾಸಿಟರನ್ನು 0.047ಕ್ಕೆ ಬದಲಿಸಿದೆ, ಗಡಿ 340ರ ಹತ್ತಿರಕ್ಕೆ ಏರಿತು. ಕೆಸರು ಕೂತಿತು. ಆಮೇಲೆ ಕುತೂಹಲಕ್ಕೆ 1960ರ ದಶಕದ ಫೆಂಡರ್ ರಿವರ್ಬ್ ಆಂಪ್‌ಗಳ ನಕ್ಷೆ ತೆಗೆದು ನೋಡಿದರೆ ಅಲ್ಲಿ ಅದೇ ಜಾಗದಲ್ಲಿ 500 ಪಿಕೋಫ್ಯಾರಡ್, 1 ಮೆಗಾಓಮ್. ಲೆಕ್ಕ ಹಾಕಿ: 318 ಹರ್ಟ್ಸ್. ಮೊದಲೇ ನೋಡಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಒಣ ಸ್ವರಕ್ಕೆ ಇದರಿಂದ ಏನೂ ಆಗುವುದಿಲ್ಲ, ಅದರ ದಾರಿಯೇ ಬೇರೆ. ತಂತಿಯ ದಪ್ಪ ದನಿ ನೇರವಾಗಿ ಸ್ಪೀಕರಿಗೆ, ಅದರ ಟಕಟಕ ಮಾತ್ರ ಸ್ಪ್ರಿಂಗಿಗೆ.

ಈಗ ಹೇಗಿದೆ

ಗೇನ್ ಕೆಳಗೆ, ಬಾಸ್ 4, ಟ್ರೆಬಲ್ 6, ನಡು 5, ರಿವರ್ಬ್ 6. ಬ್ರಿಜ್ ಬಳಿಯ ಸಿಂಗಲ್ ಕಾಯಿಲ್ ಪಿಕಪ್. ತಂತಿಗಳನ್ನು 9ರಿಂದ 11ರ ದಪ್ಪಕ್ಕೆ ಏರಿಸಿದೆ. ಆಂಪಿಗೆ ಮಾಡಿದ ಎಷ್ಟೋ ಕೆಲಸಕ್ಕಿಂತ ಇದು ಹೆಚ್ಚು ಫಲ ಕೊಟ್ಟಿತು ಅಂತ ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ತೆಳು ತಂತಿ ಬಿರುಸಾಗಿ ಮೀಟಿದಾಗ ಕಡ್ಡಿಯಡಿ ಓಲಾಡಿ ಶ್ರುತಿ ತಪ್ಪುತ್ತದೆ, ದಪ್ಪದ್ದು ತಿರುಗಿ ಹೊಡೆಯುತ್ತದೆ. ಡಿಕ್ ಡೇಲ್ ಹಾಕುತ್ತಿದ್ದ ತಂತಿಗಳು ಇದಕ್ಕಿಂತ ಎಷ್ಟೋ ದಪ್ಪ, ಆ ತಂಟೆಗೆ ನನ್ನ ಬೆರಳು ಹೋಗುವುದಿಲ್ಲ.

ಆಂಪಿನಲ್ಲಿ ಸದ್ದನ್ನು ಅಲೆಯ ಹಾಗೆ ಏರಿಳಿಸುವ ಟ್ರೆಮೊಲೊ ಇಲ್ಲ, ಅದೊಂದು ಕೊರತೆ. ಅಂದಹಾಗೆ ಸದ್ದು ಏರಿಳಿಸುವುದಕ್ಕೆ ಆಂಪಿನ ಮೇಲೆ 'ವೈಬ್ರಾಟೊ' ಅಂತಲೂ, ಶ್ರುತಿ ಅಲುಗಿಸುವ ಗಿಟಾರಿನ ಸಲಾಕೆಗೆ 'ಟ್ರೆಮೊಲೊ' ಅಂತಲೂ ಹೆಸರಿಟ್ಟು ಎರಡನ್ನೂ ಅದಲುಬದಲು ಮಾಡಿದವರು ಫೆಂಡರಿನವರೇ. ಇಷ್ಟು ವರ್ಷವಾದರೂ ಯಾರೂ ಸರಿಮಾಡಲಿಲ್ಲ.

ಉಳಿದಿರುವ ದೋಷ ಒಂದು. ಕಡ್ಡಿ ತುಂಬ ಬಿರುಸಾದಾಗ ರಿವರ್ಬಿನ ತುದಿಯಲ್ಲಿ ಚೂರು ಕರಕರ ಕೇಳುತ್ತದೆ. ಮೇಲಿನ ಸ್ವರಗಳಿಗೆ ಇಮ್ಮಡಿ ಕರೆಂಟ್ ದೂಡಲು ಬೇಕಾದ ವೋಲ್ಟೇಜ್ ಆಪ್‌ಆಂಪಿನ ಮಿತಿ ಮುಟ್ಟುತ್ತಿದೆ. 220ರ ಬದಲು 470 ಬೆಸೆದರೆ ಒಟ್ಟು 150 ಆಗುತ್ತದೆ, ಕರೆಂಟ್ ಒಂದೂವರೆ ಪಟ್ಟಿಗೆ ನಿಲ್ಲುತ್ತದೆ. ಮುಂದಿನ ಭಾನುವಾರ ಅದನ್ನು ನೋಡಬೇಕು. ಗಿಡ್ಡ ಟ್ಯಾಂಕ್ ಡ್ರಾಯರಿನಲ್ಲಿದೆ, ಬೇರೆ ಡಬ್ಬ ಕಟ್ಟುವ ಯೋಚನೆ ಬಂದರೆ ಇರಲಿ ಅಂತ. ಕೋಣೆಯ ಬಾಗಿಲಿಗೆ ಮಾತ್ರ ರಬ್ಬರ್ ಅಂಟಿಸಿದ್ದೇನೆ. ಅಕ್ಕ ಅದನ್ನು ಧಡಾರ್ ಅಂತ ಮುಚ್ಚಿದಾಗಲೆಲ್ಲ ಒಳಗೆ ಗುಡುಗುತ್ತಿತ್ತು.